ರೈಲು ಸೇತುವೆ ಕುಸಿದರೆ: ದುಡ್ಡಿಗೆ ಒಂದು ಬಾಗಿಲು, ಕಾರಣಕ್ಕೆ ಇನ್ನೊಂದು

1988ರ ಜುಲೈ 8ರ ಮಧ್ಯಾಹ್ನ. ಬೆಂಗಳೂರಿನಿಂದ ಹೊರಟಿದ್ದ ಐಲ್ಯಾಂಡ್ ಎಕ್ಸ್‌ಪ್ರೆಸ್ ಕೇರಳದ ಕೊಲ್ಲಂ ಹತ್ತಿರ ಪೆರುಮಣ್ ಎಂಬಲ್ಲಿ ಅಷ್ಟಮುಡಿ ಸರೋವರದ ಸೇತುವೆ ದಾಟುತ್ತಿತ್ತು. ಹತ್ತು ಬೋಗಿಗಳು ನೀರಿಗೆ ಬಿದ್ದವು. 105 ಜನ ಹೋದರು. ತನಿಖೆ ನಡೆಯಿತು, ಕಾರಣವೂ ಸಿಕ್ಕಿತು: ಸುಂಟರಗಾಳಿ. ಊರಿನವರು ಇದನ್ನು ಒಪ್ಪಲಿಲ್ಲ. ಬೋಗಿ ಎತ್ತಿ ಎಸೆಯುವಂಥ ಗಾಳಿ ಬೀಸಿದ್ದರೆ ದಡದಲ್ಲಿದ್ದ ನಮಗೂ ಗೊತ್ತಾಗಬೇಕಿತ್ತಲ್ಲ ಅನ್ನುವುದು ಅವರ ತಕರಾರು. ಮೂವತ್ತೈದು ವರ್ಷ ದಾಟಿದರೂ ಆ ತಕರಾರು ಸತ್ತಿಲ್ಲ.

ಹದಿಮೂರು ವರ್ಷ ಬಿಟ್ಟು, 2001ರ ಜೂನ್ 22ಕ್ಕೆ, ಮಂಗಳೂರಿನಿಂದ ಹೊರಟ ಚೆನ್ನೈ ಮೇಲ್ ಕೋಯಿಕ್ಕೋಡ್ ದಾಟಿದ ಮೇಲೆ ಕಡಲುಂಡಿ ನದಿಗೆ ಬಿತ್ತು. 52 ಸಾವು. 2004ರ ಜೂನ್ 16ಕ್ಕೆ ಮಂಗಳೂರಿನಿಂದ ಮುಂಬೈಗೆ ಹೋಗುತ್ತಿದ್ದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮಹಾರಾಷ್ಟ್ರದ ರಾಯಗಡ ಜಿಲ್ಲೆಯಲ್ಲಿ ಹಳಿ ಮೇಲೆ ಉರುಳಿದ್ದ ಬಂಡೆಗೆ ಬಡಿದು, ಸೇತುವೆ ಹತ್ತಿರ ಹಳಿ ತಪ್ಪಿ ಕೆಳಕ್ಕೆ ಬಿತ್ತು.

ಮೂರೂ ಗಾಡಿ ಹೊರಟದ್ದು ನಮ್ಮ ಊರುಗಳಿಂದ. ಮೂರೂ ಮುಂಗಾರಿನ ದಿನಗಳಲ್ಲಿ. ಮೂರರಲ್ಲೂ ಸತ್ತವರ ಮನೆಯವರು ಎರಡೇ ಪ್ರಶ್ನೆ ಕೇಳಿರುತ್ತಾರೆ. ಒಂದು, ಹೀಗೆ ಯಾಕಾಯಿತು? ಇನ್ನೊಂದು, ಇನ್ನು ನಮ್ಮ ಗತಿ ಏನು? ನಮ್ಮ ಕಾನೂನು ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಕಚೇರಿಗೆ ಕಳಿಸಿಬಿಟ್ಟಿದೆ. ದುಡ್ಡಿನ ಪ್ರಶ್ನೆಗೆ ಒಂದು ಬಾಗಿಲು, ಕಾರಣದ ಪ್ರಶ್ನೆಗೆ ಇನ್ನೊಂದು. ಮೊದಲನೇ ಬಾಗಿಲು ಎಲ್ಲಿದೆ ಅಂತ ಬಹಳ ಜನಕ್ಕೆ ಅರ್ಧಂಬರ್ಧ ಗೊತ್ತು. ಎರಡನೆಯದು ಇದೆ ಅಂತಲೇ ಗೊತ್ತಿಲ್ಲ.

ಮೊದಲು ಸೇತುವೆ ವಿಷಯ. ದೇಶದಲ್ಲಿ ಸುಮಾರು ಒಂದೂವರೆ ಲಕ್ಷ ರೈಲು ಸೇತುವೆಗಳಿವೆ. ಇದರಲ್ಲಿ ದೊಡ್ಡ ನದಿ ದಾಟುವವು ಕಡಿಮೆ. ಹೆಚ್ಚಿನವು ಹಳ್ಳ, ಕಾಲುವೆ ಮೇಲಿನ ಸಣ್ಣ ಮೋರಿಗಳು. ಮೂವತ್ತು ಸಾವಿರಕ್ಕೂ ಹೆಚ್ಚು ಸೇತುವೆಗಳಿಗೆ ನೂರು ವರ್ಷ ದಾಟಿದೆ. ಸಂಸತ್ತಿನಲ್ಲಿ ಯಾರಾದರೂ ಈ ಬಗ್ಗೆ ಕೇಳಿದರೆ ರೈಲ್ವೆ ಕೊಡುವ ಉತ್ತರ ಒಂದೇ: ಸೇತುವೆಯ ವಯಸ್ಸಿಗೂ ಅದರ ಸುರಕ್ಷತೆಗೂ ನೇರ ಸಂಬಂಧವಿಲ್ಲ, ಅದರ ಸ್ಥಿತಿ ಮುಖ್ಯ.

ಇದರಲ್ಲಿ ಅರ್ಧ ನಿಜ ಇದೆ. ಬ್ರಿಟಿಷರ ಕಾಲದಲ್ಲಿ ಕಲ್ಲಿನಲ್ಲಿ ಕಟ್ಟಿದ ಕಮಾನು ಸೇತುವೆ ಇವತ್ತಿಗೂ ಗಟ್ಟಿಯಾಗಿ ನಿಂತಿರಬಹುದು, ಮೊನ್ನೆ ಕಟ್ಟಿದ್ದೇ ಕೈ ಕೊಡಬಹುದು. ಆದರೆ ಆ ಕಾಲದವರು ಎಷ್ಟು ಭಾರ ಅಂದುಕೊಂಡು ಕಟ್ಟಿದ್ದರು? ಗೂಡ್ಸ್ ವ್ಯಾಗನ್ನಿನ ಒಂದು ಅಚ್ಚಿನ ಮೇಲೆ ಮೊದಲು 20 ಟನ್ ಚಿಲ್ಲರೆ ಭಾರ ಬೀಳುತ್ತಿತ್ತು. ಈಗ ಅದು ಸುಮಾರು 23 ಟನ್. ಹೊಸಪೇಟೆ ಕಡೆಯ ಅದಿರು ಗಾಡಿಯೊಂದು ಹೋಗುವಾಗ ಪಕ್ಕದಲ್ಲಿ ನಿಂತು ನೋಡಿ. ನೆಲ ನಡುಗುವುದು ಕಾಲಿಗೇ ಗೊತ್ತಾಗುತ್ತದೆ. ಗಾಡಿಗಳ ಸಂಖ್ಯೆಯೂ ಜಾಸ್ತಿಯಾಗಿದೆ. ಹಾಗಾಗಿ 'ವಯಸ್ಸು ಲೆಕ್ಕಕ್ಕಿಲ್ಲ' ಅನ್ನುವ ಮಾತು, ಸ್ಥಿತಿಯನ್ನು ಸರಿಯಾಗಿ ನೋಡುತ್ತಿದ್ದರೆ ಮಾತ್ರ ನಿಜ.

ಹೇಗೆ ನೋಡುತ್ತಾರೆ? ರೈಲ್ವೆಗೆ ಸೇತುವೆಗಳದ್ದೇ ಒಂದು ಕೈಪಿಡಿ ಇದೆ. ಮಳೆಗಾಲದ ಮುಂಚೆ ಒಂದು ಸಲ, ಮಳೆಗಾಲ ಮುಗಿದ ಮೇಲೆ ಒಂದು ಸಲ ತಪಾಸಣೆ ಆಗಬೇಕು. ಪ್ರತಿ ಸೇತುವೆಗೂ ಶಾಲೆ ಮಕ್ಕಳ ಹಾಗೆ ನಂಬರ್ ಕೊಡುತ್ತಾರೆ. 1 ಬಂದರೆ ತಕ್ಷಣ ಹೊಸದಾಗಿ ಕಟ್ಟಬೇಕು ಅಥವಾ ಪೂರ್ತಿ ಬಲಪಡಿಸಬೇಕು. 2 ಬಂದರೆ ಅದೇ ಕೆಲಸವನ್ನು ಯೋಜನೆಯಲ್ಲಿ ಸೇರಿಸಿ ಮಾಡಬೇಕು. 3 ಅಂದರೆ ದೊಡ್ಡ ರಿಪೇರಿ, 4 ಅಂದರೆ ಮಾಮೂಲಿ ರಿಪೇರಿ, 5 ಅಂದರೆ ಚೆನ್ನಾಗಿದೆ. 0 ಅಂದರೆ ನೋಡಿಯೇ ಇಲ್ಲ! ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವ ನಂಬರ್ ಅದೇ. ಒಂದು ಸೇತುವೆಯಲ್ಲಿ ಬುನಾದಿ, ಕಂಬ, ಗರ್ಡರ್, ಬೇರಿಂಗ್ ಹೀಗೆ ಪ್ರತಿ ಭಾಗಕ್ಕೂ ಪ್ರತ್ಯೇಕ ಅಂಕ ಇರುತ್ತದೆ. ಬುನಾದಿ ಇರುವುದು ನೀರಿನ ಕೆಳಗೆ. ಅದನ್ನು ನೋಡುವುದು ಕಷ್ಟ. ಸೇತುವೆಗೆ ಜಾಸ್ತಿ ಅಪಾಯ ಬರುವುದೂ ಅಲ್ಲಿಂದಲೇ.

ಹೊಳೆ ರಭಸವಾಗಿ ಹರಿಯುವಾಗ ಕಂಬದ ಬುಡದಲ್ಲಿ ಸುಳಿ ಏಳುತ್ತದೆ. ಆ ಸುಳಿ ಬುಡದ ಮಣ್ಣನ್ನು ಕೆರೆದು ಒಯ್ಯುತ್ತದೆ. ಸಮುದ್ರದ ದಡದಲ್ಲಿ ಅಲೆ ಹಿಂದೆ ಸರಿಯುವಾಗ ಪಾದದ ಕೆಳಗಿನ ಮರಳು ಜಾರಿ ಹೋಗುತ್ತದಲ್ಲ, ಅದೇ ಆಟ. ಇಂಜಿನಿಯರುಗಳು ಇದಕ್ಕೆ ಸ್ಕೌರ್ ಅನ್ನುತ್ತಾರೆ. ಮೇಲಿಂದ ನೋಡಿದರೆ ಕಂಬ ನೆಟ್ಟಗೆ ನಿಂತಿರುತ್ತದೆ, ಕೆಳಗೆ ಹಿಡಿತವೇ ಇರುವುದಿಲ್ಲ. ಇದರ ಜೊತೆಗೆ ಮರಳು ದಂಧೆ ಸೇರಿದರೆ ನದಿ ನೂರು ವರ್ಷದಲ್ಲಿ ಮಾಡುವ ಕೆಲಸವನ್ನು ಯಂತ್ರ ನಾಲ್ಕು ವರ್ಷದಲ್ಲಿ ಮುಗಿಸುತ್ತದೆ. 2018ರ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಮೂಲರಪಟ್ಣದಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿದಾಗ ಊರಿನವರು ಬೆರಳು ತೋರಿಸಿದ್ದು ಮರಳಿನ ಕಡೆಗೇ. ಅದು ರಸ್ತೆ ಸೇತುವೆ, ರೈಲಿನದ್ದಲ್ಲ. ಆದರೆ ನದಿಗೆ ಆ ವ್ಯತ್ಯಾಸ ಗೊತ್ತಿಲ್ಲ ಅಲ್ವಾ.

ಮುಂದಿನ ಸಲ ರೈಲಿನಲ್ಲಿ ಹೊಳೆ ದಾಟುವಾಗ ಪಕ್ಕದ ಸೇತುವೆಯ ಕಂಬಗಳನ್ನು ಗಮನಿಸಿ. ಕಂಬದ ಮೈಮೇಲೆ ಕೆಂಪು ಗೆರೆ ಎಳೆದಿರುತ್ತಾರೆ. ಅದು ಅಪಾಯದ ಮಟ್ಟ. ನೀರು ಅಲ್ಲಿಗೆ ಮುಟ್ಟಿದರೆ ಗಾಡಿ ನಿಲ್ಲಬೇಕು ಇಲ್ಲವೇ ಕಾಶನ್ ಆರ್ಡರ್ ಮೇಲೆ ನಿಧಾನಕ್ಕೆ ಹೋಗಬೇಕು. ಮಳೆಗಾಲದಲ್ಲಿ ಆಯಕಟ್ಟಿನ ಸೇತುವೆಗಳ ಹತ್ತಿರ ಕಾವಲಿಗೆ ಒಬ್ಬ ಮನುಷ್ಯ ಇರುತ್ತಾನೆ. ಒಮ್ಮೆ ಜುಲೈ ತಿಂಗಳ ರಾತ್ರಿ, ನಮ್ಮ ಗಾಡಿ ತೆವಳಿಕೊಂಡು ಒಂದು ಹೊಳೆ ದಾಟುತ್ತಿದ್ದಾಗ ಬಾಗಿಲಲ್ಲಿ ನಿಂತಿದ್ದೆ. ಸೇತುವೆಯ ತುದಿಯಲ್ಲಿ ತಗಡಿನ ಗೂಡು, ಅದರ ಮುಂದೆ ರೈನ್‌ಕೋಟ್ ಹಾಕಿಕೊಂಡ ಒಬ್ಬಾತ, ಕೈಯಲ್ಲಿ ಹಸಿರು ದೀಪ. ಆತ ನಮ್ಮ ಕಡೆ ನೋಡುತ್ತಲೇ ಇರಲಿಲ್ಲ, ಚಕ್ರಗಳ ಕಡೆ ನೋಡುತ್ತಿದ್ದ. ಕೊಂಕಣ ರೈಲ್ವೆಯಲ್ಲಿ ಮುಂಗಾರಿನ ವೇಳಾಪಟ್ಟಿ ಬಂತು ಅಂದರೆ ಗಾಡಿ ತಡ ಅಂತ ನಾವು ಗೊಣಗುತ್ತೇವೆ. ಆ ತಡ ಇರುವುದು ಸುಮ್ನೆ ಅಲ್ಲ. 2003ರಲ್ಲಿ ವೈಭವವಾಡಿ ಹತ್ತಿರ ಕಾರವಾರ–ಮುಂಬೈ ವಿಶೇಷ ರೈಲು, ಮಾರನೇ ವರ್ಷ ಮತ್ಸ್ಯಗಂಧ, ಎರಡೂ ಬಂಡೆಗೆ ಬಡಿದು ಜೀವಗಳು ಹೋದ ಮೇಲೆ ಕಲಿತ ಪಾಠ ಅದರಲ್ಲಿದೆ.

ಇನ್ನೊಂದು ಅಪಾಯ ಸೇತುವೆಯಲ್ಲೇ ಇರುವುದಿಲ್ಲ, ಮೇಲ್ಗಡೆ ಇರುತ್ತದೆ. 2005ರ ಅಕ್ಟೋಬರ್ 29ರಂದು ಈಗಿನ ತೆಲಂಗಾಣದ ವಲಿಗೊಂಡ ಹತ್ತಿರ ಸಣ್ಣ ರೈಲು ಸೇತುವೆಯೊಂದು ಕೊಚ್ಚಿಹೋಗಿತ್ತು. ಬೆಳಗಿನ ಜಾವದ ಕತ್ತಲಲ್ಲಿ ಡೆಲ್ಟಾ ಪ್ಯಾಸೆಂಜರ್ ಬಂದು ನೇರ ಅದಕ್ಕೆ ಇಳಿಯಿತು. ನೂರಕ್ಕೂ ಹೆಚ್ಚು ಜನ ಸತ್ತರು. ಮಳೆಗೆ ಮೇಲಿನ ಕೆರೆ ಒಡೆದು ಬಂದ ನೀರು ಅದು. ಹೀಗೆ ಒಡೆದರೆ ಹಳಿಗೆ ಅಪಾಯ ತರುವ ಕೆರೆಗಳನ್ನು ರೈಲ್ವೆಯವರು ಪ್ರತ್ಯೇಕವಾಗಿ ಪಟ್ಟಿ ಮಾಡಿಡುತ್ತಾರೆ, ಅವಕ್ಕೆ 'ರೈಲ್ವೆ ಅಫೆಕ್ಟಿಂಗ್ ಟ್ಯಾಂಕ್' ಅಂತ ಹೆಸರು. ಹಳಿ ರೈಲ್ವೆಯದ್ದು, ಕೆರೆ ರಾಜ್ಯ ಸರ್ಕಾರದ್ದು. ಏರಿ ಬಿರುಕು ಬಿಟ್ಟಿದೆಯಾ, ಕೋಡಿಯಲ್ಲಿ ಗಿಡ ಬೆಳೆದು ಕಟ್ಟಿಕೊಂಡಿದೆಯಾ, ತೂಬು ಕೆಲಸ ಮಾಡುತ್ತಿದೆಯಾ ಅಂತ ಇಬ್ಬರೂ ಕೂತು ನೋಡಬೇಕು. ಕೆರೆಗಳ ನಾಡು ಅಂತ ಹೇಳಿಕೊಳ್ಳುವ ನಮಗೆ ಇದು ಗೊತ್ತಿರಬೇಕಾದ ವಿಷಯ. ನಿಮ್ಮ ಊರ ಕೆರೆ ಆ ಪಟ್ಟಿಯಲ್ಲಿ ಇದೆಯಾ, ಕಳೆದ ಸಲ ಯಾವಾಗ ನೋಡಿದರು ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕೇಳಬಹುದು. ಹತ್ತು ರೂಪಾಯಿ ಖರ್ಚು.

ಸರಿ, ಅಪಘಾತ ಆಗಿಯೇ ಹೋಯಿತು ಅಂದುಕೊಳ್ಳೋಣ.

ಟಿವಿಯಲ್ಲಿ ಮೊದಲು ಬರುವುದು ಎಕ್ಸ್‌ಗ್ರೇಷಿಯಾ. 2023ರ ಸೆಪ್ಟೆಂಬರ್‌ನಲ್ಲಿ ರೈಲ್ವೆ ಇದನ್ನು ಹೆಚ್ಚಿಸಿತು: ರೈಲು ಅಪಘಾತದಲ್ಲಿ ಸತ್ತರೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ, ಸಣ್ಣ ಗಾಯಕ್ಕೆ 50,000. ದೊಡ್ಡ ದುರಂತವಾದರೆ ಇನ್ನೂ ಜಾಸ್ತಿ ಘೋಷಿಸುವುದೂ ಉಂಟು. ಅದೇ ವರ್ಷ ಜೂನ್‌ನಲ್ಲಿ ಒಡಿಶಾದ ಬಾಲಸೋರ್ ಅಪಘಾತವಾದಾಗ ಸತ್ತವರಿಗೆ 10 ಲಕ್ಷ ಘೋಷಿಸಿದ್ದರು. ಇದು ತಕ್ಷಣದ ನೆರವು. ಮನೆಯವರು ಇದನ್ನೇ ಪರಿಹಾರ ಅಂದುಕೊಂಡು, ಸಹಿ ಹಾಕಿ, ದುಡ್ಡು ತಗೊಂಡು, ಇಲ್ಲಿಗೆ ಮುಗಿಯಿತು ಅಂತ ಊರಿಗೆ ಹೋಗಿಬಿಡುತ್ತಾರೆ. ಮುಗಿದಿರುವುದಿಲ್ಲ. ಕಾನೂನಿನ ಪರಿಹಾರವೇ ಬೇರೆ. ಎಕ್ಸ್‌ಗ್ರೇಷಿಯಾ ತಗೊಂಡರು ಅಂತ ಅದನ್ನು ಕೇಳುವ ಹಕ್ಕು ಹೋಗುವುದಿಲ್ಲ.

ಆ ಹಕ್ಕು ಇರುವುದು 1989ರ ರೈಲ್ವೆ ಕಾಯ್ದೆಯ 124ನೇ ಸೆಕ್ಷನ್ನಿನಲ್ಲಿ. ರೈಲು ಡಿಕ್ಕಿಯಾದರೆ, ಹಳಿ ತಪ್ಪಿದರೆ, ಅಥವಾ ಪ್ರಯಾಣಿಕರ ಗಾಡಿಗೆ ಬೇರೆ ಯಾವುದೇ ಅಪಘಾತವಾದರೆ, ರೈಲ್ವೆಯ ತಪ್ಪು ಇರಲಿ ಇಲ್ಲದಿರಲಿ, ಅದು ಪರಿಹಾರ ಕೊಡಲೇಬೇಕು. ಈ 'ತಪ್ಪು ಇರಲಿ ಇಲ್ಲದಿರಲಿ' ಅನ್ನುವುದೇ ಇಡೀ ಕಾಯ್ದೆಯ ಜೀವ. ಸುಂಟರಗಾಳಿ ಬೀಸಿತು, ಕೆರೆ ಒಡೆಯಿತು, ಬಂಡೆ ಉರುಳಿತು, ಯಾರೋ ಹಳಿ ಕಿತ್ತರು, ಯಾವ ಕಥೆಯೂ ಇಲ್ಲಿ ನಡೆಯುವುದಿಲ್ಲ. ಸೇತುವೆ ಯಾಕೆ ಬಿತ್ತು ಅಂತ ನೀವು ಸಾಬೀತು ಮಾಡಬೇಕಿಲ್ಲ. ಗಾಡಿಯಲ್ಲಿ ಇದ್ದಿರಿ, ಅಪಘಾತವಾಯಿತು, ಇಷ್ಟು ಸಾಕು. ಸೇತುವೆ ರೈಲಿನ ಕೆಳಗೇ ಇರಬೇಕು ಅಂತಲೂ ಇಲ್ಲ. 2006ರ ಡಿಸೆಂಬರ್‌ನಲ್ಲಿ ಬಿಹಾರದ ಭಾಗಲ್ಪುರದಲ್ಲಿ ಕೆಡವುತ್ತಿದ್ದ ನೂರೈವತ್ತು ವರ್ಷ ಹಳೆಯ ಮೇಲ್ಸೇತುವೆಯೊಂದು ಕೆಳಗೆ ಹೋಗುತ್ತಿದ್ದ ರೈಲಿನ ಮೇಲೇ ಬಿದ್ದಿತ್ತು. ಅದೂ ಗಾಡಿಗಾದ ಅಪಘಾತವೇ.

ಮೊತ್ತ? ಸಾವಿಗೆ 8 ಲಕ್ಷ. ಎರಡೂ ಕೈ ಹೋದರೆ, ಎರಡೂ ಕಣ್ಣು ಹೋದರೆ ಅಷ್ಟೇ. ಉಳಿದ ಗಾಯಗಳಿಗೆ ಇಂತಿಷ್ಟು ಅಂತ ಪಟ್ಟಿ ಇದೆ. ಮೊದಲು 4 ಲಕ್ಷ ಇತ್ತು, 2017ರ ಜನವರಿ 1ರಿಂದ ಇದಾಯಿತು. 2017ರಲ್ಲಿ ನಿಮ್ಮ ಮನೆ ಬಾಡಿಗೆ ಎಷ್ಟಿತ್ತು, ಮಗುವಿನ ಶಾಲೆ ಫೀಸು ಎಷ್ಟಿತ್ತು ಅಂತ ಒಮ್ಮೆ ನೆನಪು ಮಾಡಿಕೊಂಡರೆ ಈ 8 ಲಕ್ಷದ ಬೆಲೆ ತಿಳಿಯುತ್ತದೆ.

ಇಲ್ಲೊಂದು ವಿಚಿತ್ರ ಇದೆ. ಬಸ್ಸು ಅಪಘಾತದಲ್ಲಿ ಒಬ್ಬರು ಸತ್ತರೆ ಮೋಟಾರು ವಾಹನ ನ್ಯಾಯಮಂಡಳಿ ಅವರ ವಯಸ್ಸು ಎಷ್ಟು, ಸಂಬಳ ಎಷ್ಟು, ಮನೆಯಲ್ಲಿ ಎಷ್ಟು ಜನ ಅವಲಂಬಿಸಿದ್ದರು ಅಂತ ಲೆಕ್ಕ ಹಾಕುತ್ತದೆ. ಮೂವತ್ತು ವರ್ಷದ, ಒಳ್ಳೆ ಸಂಬಳದ ಮನುಷ್ಯನಾದರೆ ಅರವತ್ತು ಎಪ್ಪತ್ತು ಲಕ್ಷವೂ ಆಗಬಹುದು, ಕೋಟಿಯೂ ದಾಟಬಹುದು. ಅದೇ ಮನುಷ್ಯ ರೈಲಿನಲ್ಲಿ ಸತ್ತರೆ, ಯಾರೇ ಆಗಲಿ, 8 ಲಕ್ಷ. ಒಂದು ರೀತಿಯಲ್ಲಿ ಇದು ಸಮಾನತೆ, ಕೂಲಿಯವನಿಗೂ ಕಂಪ್ಯೂಟರ್ ಇಂಜಿನಿಯರಿಗೂ ಒಂದೇ ಬೆಲೆ. ಇನ್ನೊಂದು ರೀತಿಯಲ್ಲಿ ನೋಡಿದರೆ, 'ತಪ್ಪು ಯಾರದ್ದು ಅಂತ ಕೇಳಬೇಡ, ಇಷ್ಟು ತಗೋ' ಅನ್ನುವ ಒಪ್ಪಂದ. ಬೇರೆ ಕಾನೂನಿನಲ್ಲಿರುವ ಹಕ್ಕನ್ನು ರೈಲ್ವೆ ಕಾಯ್ದೆ ಕಿತ್ತುಕೊಳ್ಳುವುದಿಲ್ಲ, ಆದರೆ ಒಂದೇ ಅಪಘಾತಕ್ಕೆ ಎರಡು ಸಲ ಪರಿಹಾರ ಕೇಳುವಂತಿಲ್ಲ ಅಂತಲೂ ಹೇಳುತ್ತದೆ. ಹೆಚ್ಚು ಕೇಳುವ ದಾರಿ ಬಹಳ ಇಕ್ಕಟ್ಟಿನದು. ನೂರರಲ್ಲಿ ತೊಂಬತ್ತು ಮನೆಯವರು ಅತ್ತ ಹೋಗುವ ಸ್ಥಿತಿಯಲ್ಲೂ ಇರುವುದಿಲ್ಲ ಬಿಡಿ.

ಕೇಳಬೇಕಾದದ್ದು ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ನಲ್ಲಿ, ಅಂದರೆ ರೈಲ್ವೆ ಪರಿಹಾರದ ನ್ಯಾಯಮಂಡಳಿಯಲ್ಲಿ. ಬೆಂಗಳೂರಿನಲ್ಲಿ ಅದರ ಪೀಠ ಇದೆ. ಅಪಘಾತ ಕೇರಳದಲ್ಲೋ ಬಿಹಾರದಲ್ಲೋ ಆಗಿದ್ದರೂ ನೀವು ಇರುವ ಜಾಗಕ್ಕೆ ಸಂಬಂಧಿಸಿದ ಪೀಠದಲ್ಲೇ ಅರ್ಜಿ ಹಾಕಬಹುದು, ಕೊಲ್ಲಂಗೋ ಪಟ್ನಾಕ್ಕೋ ಅಲೆಯಬೇಕಿಲ್ಲ. ಒಂದು ವರ್ಷದೊಳಗೆ ಹಾಕಬೇಕು. ತಡವಾದರೆ ಸರಿಯಾದ ಕಾರಣ ಕೊಟ್ಟರೆ ಮನ್ನಿಸುವ ಅಧಿಕಾರ ಮಂಡಳಿಗೆ ಇದೆ, ಆದರೆ ಅದನ್ನು ನಂಬಿಕೊಂಡು ಕೂರಬೇಡಿ. ತೀರ್ಪು ಸರಿ ಕಾಣದಿದ್ದರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು. ಟ್ರಿಬ್ಯೂನಲ್ ತೀರ್ಮಾನ ಆಗುವ ಮುಂಚೆಯೇ ಖರ್ಚಿಗೆ ಅಂತ ಮಧ್ಯಂತರ ಪರಿಹಾರ ಕೊಡಿ ಎಂದು ರೈಲ್ವೆಯನ್ನು ಕೇಳಲು 126ನೇ ಸೆಕ್ಷನ್ ಇದೆ.

ಕಾಗದ ಪತ್ರದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜನ ಮುಗ್ಗರಿಸುವುದು ಇಲ್ಲೇ. ರೈಲ್ವೆ ಪೊಲೀಸರ ಎಫ್‌ಐಆರ್, ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ಗಾಯವಾಗಿದ್ದರೆ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಅವಲಂಬಿತರು ಯಾರು ಅಂತ ತೋರಿಸಲು ನಾಡಕಚೇರಿಯಿಂದ ವಂಶವೃಕ್ಷ, ಅರ್ಜಿದಾರರ ಹೆಸರಲ್ಲೇ ಇರುವ ಬ್ಯಾಂಕ್ ಖಾತೆ. ಆಮೇಲೆ ಟಿಕೆಟ್. ರಿಸರ್ವೇಶನ್ ಆಗಿದ್ದರೆ ಪಿಎನ್‌ಆರ್ ಸಾಕು, ಹೆಸರು ಚಾರ್ಟಿನಲ್ಲಿ ಇರುತ್ತದೆ. ಜನರಲ್ ಬೋಗಿಯವರ ಕಥೆಯೇ ಕಷ್ಟ. ಆ ಚೀಟಿ ಜೇಬಿನಲ್ಲಿ ನೆನೆದರೆ ಹಿಟ್ಟಾಗುತ್ತದೆ, ನದಿಗೆ ಬಿದ್ದ ಗಾಡಿಯಲ್ಲಿ ಅದನ್ನು ಯಾರು ಹುಡುಕುತ್ತಾರೆ? ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2018ರಲ್ಲಿ ರೀನಾ ದೇವಿ ಪ್ರಕರಣದಲ್ಲಿ ಕೋರ್ಟು ಹೇಳಿದ್ದು ಹೀಗೆ: ಟಿಕೆಟ್ ಸಿಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಅವರು ಪ್ರಯಾಣಿಕರಲ್ಲ ಅನ್ನಲಾಗದು. ಮನೆಯವರು ಅಫಿಡವಿಟ್ ಹಾಕಿ ವಿವರ ಕೊಟ್ಟರೆ, ಆಮೇಲೆ ಅಲ್ಲ ಅಂತ ತೋರಿಸುವ ಹೊಣೆ ರೈಲ್ವೆಯದ್ದು. ಹಾಗಂತ ಹಳಿ ಪಕ್ಕದಲ್ಲಿ ಹೆಣ ಸಿಕ್ಕಿತು ಅಂದ ಮಾತ್ರಕ್ಕೆ ಪ್ರಯಾಣಿಕ ಅಂತಲೂ ಆಗುವುದಿಲ್ಲ. ನನ್ನ ಮಟ್ಟಿಗೆ ನಾನು ಮಾಡುವುದು ಸರಳ, ಜನರಲ್ ಟಿಕೆಟ್ ತಗೊಂಡ ತಕ್ಷಣ ಫೋಟೋ ತೆಗೆದು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕುತ್ತೇನೆ. ಮೊಬೈಲ್ ಆ್ಯಪಿನಲ್ಲಿ ಟಿಕೆಟ್ ಮಾಡಿದರೆ ಈ ತಲೆನೋವೇ ಇಲ್ಲ.

ಇಂಟರ್‌ನೆಟ್ಟಿನಲ್ಲಿ ಟಿಕೆಟ್ ಬುಕ್ ಮಾಡುವಾಗ ಕೆಳಗೊಂದು ಸಣ್ಣ ಚೌಕ ಬರುತ್ತದಲ್ಲ, ಪ್ರಯಾಣ ವಿಮೆ ಬೇಕಾ ಅಂತ, ಒಬ್ಬರಿಗೆ 45 ಪೈಸೆ. ಅದಕ್ಕೆ ಟಿಕ್ ಹಾಕಿ. ಸಾವಿಗೆ 10 ಲಕ್ಷದವರೆಗೆ ವಿಮೆ, ಟ್ರಿಬ್ಯೂನಲ್ ಕೊಡುವುದಕ್ಕಿಂತ ಜಾಸ್ತಿ. ಬುಕ್ ಆದ ಮೇಲೆ ವಿಮಾ ಕಂಪನಿಯಿಂದ ನಾಮಿನಿ ಹೆಸರು ತುಂಬಿ ಅಂತ ಮೆಸೇಜ್ ಬರುತ್ತದೆ, ಅದನ್ನು ನಾವ್ಯಾರೂ ಓದುವುದಿಲ್ಲ. ಓದಿ. ಕೌಂಟರಿನಲ್ಲಿ ಟಿಕೆಟ್ ತಗೊಂಡವರಿಗೆ, ಜನರಲ್ ಬೋಗಿಯವರಿಗೆ ಈ ವಿಮೆಯೇ ಇಲ್ಲ ಅನ್ನುವುದು ನನಗೆ ಮೊದಲಿಂದಲೂ ನುಂಗಲಾಗದ ವಿಷಯ. ಸೇತುವೆ ಎಸಿ ಬೋಗಿ ಬಂದಾಗ ನಿಂತು ಜನರಲ್ ಬೋಗಿ ಬಂದಾಗ ಬೀಳುವುದಿಲ್ಲ.

ವಕೀಲರ ವಿಷಯದಲ್ಲಿ ಒಂದು ಎಚ್ಚರಿಕೆ. ಅಪಘಾತ ಆದ ಆಸ್ಪತ್ರೆಯ ಮುಂದೆ ಕೇಸು ಹಿಡಿಯಲು ಓಡಾಡುವ ಮಧ್ಯವರ್ತಿಗಳಿರುತ್ತಾರೆ, ಖಾಲಿ ಕಾಗದಕ್ಕೆ ಸಹಿ ಕೇಳುತ್ತಾರೆ. ಪಟ್ನಾ ಪೀಠದಲ್ಲಿ ಪರಿಹಾರದ ದುಡ್ಡು ಮಧ್ಯದಲ್ಲೇ ಸೋರಿದ ಹಗರಣ ಸಿಬಿಐ ತನಿಖೆಯವರೆಗೂ ಹೋಗಿತ್ತು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಉಚಿತ. ಹೆಂಗಸರಿಗೆ, ಪರಿಶಿಷ್ಟರಿಗೆ ಮಾತ್ರ ಅಲ್ಲ, ದೊಡ್ಡ ದುರಂತಕ್ಕೆ ಸಿಕ್ಕವರಿಗೂ ಆ ಹಕ್ಕು ಇದೆ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಅವರ ಕಚೇರಿ ಇರುತ್ತದೆ.

ಬಾಗಿಲಲ್ಲಿ ನಿಂತವರು ಬಿದ್ದರೆ? ಹೊಳೆ ಬಂದರೆ ಬಾಗಿಲಿಗೆ ಬಂದು ನಿಲ್ಲುವುದು ನಮಗೆ ಅಭ್ಯಾಸ, ಕೆಲವರು ನದಿಗೆ ನಾಣ್ಯ ಹಾಕುತ್ತಾರೆ, ಕೆಲವರು ಸೆಲ್ಫಿ. ಆಯ ತಪ್ಪಿ ಬಿದ್ದರೆ ಅದು ಸೇತುವೆ ಅಪಘಾತವಲ್ಲ, 124ಎ ಸೆಕ್ಷನ್ನಿನ ಬೇರೆ ಲೆಕ್ಕ. ಅಲ್ಲೂ ಪರಿಹಾರ ಇದೆ. ಆತ್ಮಹತ್ಯೆ, ತನಗೆ ತಾನೇ ಮಾಡಿಕೊಂಡ ಗಾಯ, ಕುಡಿದ ಅಮಲು, ತನ್ನದೇ ಅಪರಾಧ ಕೃತ್ಯ, ಇಂಥವಕ್ಕೆ ಮಾತ್ರ ಇಲ್ಲ. ಬಾಗಿಲಲ್ಲಿ ನಿಂತದ್ದು ಅಜಾಗರೂಕತೆ ಇರಬಹುದು, ಅಪರಾಧವಲ್ಲ ಅಂತ ಜಮೀಲಾ ಪ್ರಕರಣದಲ್ಲಿ 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಈ ಕಾಯ್ದೆಯ ಕೊಡೆಯ ಕೆಳಗೆ ಬರದವರೂ ಇದ್ದಾರೆ. ಅವರ ಬಗ್ಗೆ ಯಾರೂ ಮಾತಾಡುವುದಿಲ್ಲ. 2023ರ ಆಗಸ್ಟ್ 23ರಂದು ಮಿಜೋರಾಂನ ಸೈರಾಂಗ್ ಹತ್ತಿರ ಕಟ್ಟುತ್ತಿದ್ದ ರೈಲು ಸೇತುವೆಯಲ್ಲಿ ಗ್ಯಾಂಟ್ರಿ (ಭಾರ ಎತ್ತುವ ದೊಡ್ಡ ಚೌಕಟ್ಟು) ಕುಸಿದು ಇಪ್ಪತ್ತಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಹೆಚ್ಚಿನವರು ಬಂಗಾಳದ ಮಾಲ್ಡಾ ಜಿಲ್ಲೆಯಿಂದ ಕೂಲಿಗೆ ಬಂದವರು. ಅವರು ಪ್ರಯಾಣಿಕರಲ್ಲ, ಆದ್ದರಿಂದ 124 ಅವರಿಗಿಲ್ಲ. ಗಾಡಿಯಲ್ಲಿ ಕರ್ತವ್ಯದ ಮೇಲಿರುವ ರೈಲ್ವೆ ನೌಕರ ಆ ಸೆಕ್ಷನ್ನಿನಲ್ಲಿ ಬರುತ್ತಾನೆ, ಗುತ್ತಿಗೆದಾರನ ಕೂಲಿಯಾಳು ಬರುವುದಿಲ್ಲ. ಅವರು ಹಿಡಿಯಬೇಕಾದದ್ದು 1923ರ ನೌಕರರ ಪರಿಹಾರ ಕಾಯ್ದೆಯ ದಾರಿ, ಅದನ್ನು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಿದ್ದಾರೆ.

ನಿಲ್ದಾಣದ ಕಾಲುಸೇತುವೆ ಕುಸಿದರೆ ಇನ್ನೂ ಗೋಜಲು. 2019ರ ಮಾರ್ಚ್‌ನಲ್ಲಿ ಮುಂಬೈಯ ಸಿಎಸ್‌ಎಂಟಿ ನಿಲ್ದಾಣದ ಹತ್ತಿರ ಹಾಗೇ ಆಯಿತು. ಹೆಣ ಎತ್ತುವ ಮುಂಚೆಯೇ ಆ ಸೇತುವೆ ರೈಲ್ವೆಯದ್ದೋ ಪಾಲಿಕೆಯದ್ದೋ ಅಂತ ಜಗಳ ಶುರುವಾಗಿತ್ತು. ರೈಲಿಗೇ ಅಪಘಾತವಾಗಿಲ್ಲ, ಯಾರೂ ರೈಲಿನಿಂದ ಬಿದ್ದಿಲ್ಲ, ಹಾಗಾಗಿ ಕಾಯ್ದೆಯ ಪದಗಳೊಳಗೆ ನೇರವಾಗಿ ಕೂರುವುದಿಲ್ಲ, ವಾದ ಮಾಡಬೇಕಾಗುತ್ತದೆ. ಅಲ್ಲಿ ಮತ್ತೆ 'ತಪ್ಪು ಯಾರದ್ದು' ಅನ್ನುವ ಹಳೇ ಪ್ರಶ್ನೆಗೇ ಬಂದು ನಿಲ್ಲುತ್ತೇವೆ. ಇನ್ನು ಹಳಿ ಮೇಲೆ ನಡೆದು ಹೋಗುವವರು. ಸಕಲೇಶಪುರದ ಘಾಟಿಯಲ್ಲಿ, ದೂಧಸಾಗರದಲ್ಲಿ ಸೇತುವೆ ಮೇಲೆ ಟ್ರೆಕ್ಕಿಂಗ್ ಹೋಗುವ ಹುಡುಗರಿಗೆ ಹೇಳುವುದಿಷ್ಟೇ: ಅದು 147ನೇ ಸೆಕ್ಷನ್ನಿನ ಅತಿಕ್ರಮ ಪ್ರವೇಶ. ದೂಧಸಾಗರದಲ್ಲಿ ಹಳಿ ಮೇಲೆ ನಡೆದವರಿಗೆ ಬಸ್ಕಿ ಹೊಡೆಸಿದ ವಿಡಿಯೋ ನೋಡಿ ನಕ್ಕಿದ್ದಾಯಿತು. ಆದರೆ ಸೇತುವೆಯ ನಡುವೆ ಗಾಡಿ ಬಂದರೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ, ಆಮೇಲೆ ಮನೆಯವರಿಗೆ ಈ 8 ಲಕ್ಷವೂ ಇಲ್ಲ.

ಈಗ ಎರಡನೇ ಬಾಗಿಲು. ಪರಿಹಾರದ ಮಂಡಳಿಗೆ ಸೇತುವೆ ಯಾಕೆ ಬಿತ್ತು ಅನ್ನುವುದು ಬೇಕಿಲ್ಲ, ಅದೇ ಅದರ ಒಳ್ಳೆಯ ಗುಣ. ಅದೇ ಅದರ ಕೊರತೆಯೂ ಹೌದು. ತಪ್ಪು ಸಾಬೀತಾಗದೆಯೇ ದುಡ್ಡು ಸಿಗುವಾಗ ತಪ್ಪನ್ನು ಹುಡುಕಿಸುವ ಒತ್ತಡ ಮನೆಯವರಿಂದ ಬರುವುದಿಲ್ಲ. ಆ ಹುಡುಕಾಟ ರೈಲ್ವೆ ಸುರಕ್ಷತಾ ಆಯುಕ್ತರದ್ದು. ಇವರು ರೈಲ್ವೆ ಸಚಿವಾಲಯದ ಕೆಳಗೆ ಬರುವುದಿಲ್ಲ, ವಿಮಾನಯಾನ ಸಚಿವಾಲಯದ ಕೆಳಗೆ ಬರುತ್ತಾರೆ. ಕೇಳಿದವರು ನಗುತ್ತಾರೆ, ಆದರೆ ತನ್ನ ತಪ್ಪನ್ನು ತಾನೇ ವಿಚಾರಿಸಿಕೊಳ್ಳಬಾರದು ಅಂತಲೇ ಹಾಗೆ ಇಟ್ಟಿರುವುದು. ಪೂರ್ತಿ ಸ್ವತಂತ್ರ ಅನ್ನಲಾಗದು. ಈ ಹುದ್ದೆಗೆ ಬರುವವರು ರೈಲ್ವೆಯಿಂದಲೇ ಬರುತ್ತಾರೆ, ಅವರ ಶಿಫಾರಸನ್ನು ಒಪ್ಪುವುದೋ ಬಿಡುವುದೋ ರೈಲ್ವೆಗೆ ಬಿಟ್ಟದ್ದು. ಕಾನೂನಿನ ಬಲವಿರುವ ಪ್ರತ್ಯೇಕ ಸುರಕ್ಷತಾ ಪ್ರಾಧಿಕಾರ ಬೇಕು ಅಂತ ರೈಲು ಸುರಕ್ಷತೆಯನ್ನು ಪರಿಶೀಲಿಸಿದ ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲೇ ಹೇಳಿತ್ತು. ಅಪಘಾತದ ಬಿಸಿ ಆರುವ ಹೊತ್ತಿಗೆ ಸಾಮಾನ್ಯವಾಗಿ ಸಿಕ್ಕಿಬೀಳುವುದು ಕೆಳಗಿನವರು. ಬಾಲಸೋರ್‌ನಲ್ಲಿ ಸಿಬಿಐ ಬಂಧಿಸಿದ ಮೂವರೂ ಕೆಳಹಂತದ ರೈಲ್ವೆ ಸಿಬ್ಬಂದಿ. ಬಜೆಟ್ ಹಂಚಿದವರ ಹೆಸರು ಯಾವ ಎಫ್‌ಐಆರ್‌ನಲ್ಲೂ ಬರುವುದಿಲ್ಲ.

ಆದರೂ ಈ ಆಯುಕ್ತರು ಮಾತಾಡಿದರೆ ತೂಕ ಇದೆ. ತಮಿಳುನಾಡಿನಲ್ಲಿ ರಾಮೇಶ್ವರಕ್ಕೆ ಹೋಗುವ ಪಾಂಬನ್‌ನ ಹೊಸ ರೈಲು ಸೇತುವೆಯನ್ನು 2024ರ ನವೆಂಬರ್‌ನಲ್ಲಿ ಪರೀಕ್ಷಿಸಿದ ದಕ್ಷಿಣ ವಲಯದ ಆಯುಕ್ತರು ಅದರ ಯೋಜನೆಯಲ್ಲೇ ಲೋಪಗಳಿವೆ ಅಂತ ಬರೆದರು. ರೈಲ್ವೆ ಸಮಿತಿ ರಚಿಸಿ ಉತ್ತರ ಕೊಡಬೇಕಾಯಿತು. ಹಡಗಿಗೆ ದಾರಿ ಬಿಡಲು ಮೇಲೆತ್ತುವ ಭಾಗದಲ್ಲಿ ವೇಗ ಗಂಟೆಗೆ 50 ಕಿಲೋಮೀಟರಿಗೆ ಮಿತಿಯಾಯಿತು. 2025ರ ಏಪ್ರಿಲ್ 6ರಂದು ಉದ್ಘಾಟನೆಯಾದ ಮೇಲೂ ಆ ಪತ್ರದ ಚರ್ಚೆ ನಿಂತಿಲ್ಲ.

ದಕ್ಷಿಣ ವಲಯದ ಆಯುಕ್ತರ ಕಚೇರಿ ಇರುವುದು ಬೆಂಗಳೂರಿನಲ್ಲೇ. ಜೀವ ಹೋದ ಅಪಘಾತವಾದರೆ ಅವರು ವಿಚಾರಣೆಯ ದಿನ, ಸಮಯ, ಜಾಗವನ್ನು ಪತ್ರಿಕೆಯಲ್ಲಿ ಪ್ರಕಟಿಸುತ್ತಾರೆ, ಸಾಮಾನ್ಯವಾಗಿ ಹತ್ತಿರದ ನಿಲ್ದಾಣದ ಒಂದು ಕೋಣೆ. ಗೊತ್ತಿದ್ದವರು ಯಾರು ಬೇಕಾದರೂ ಬಂದು ಹೇಳಬಹುದು, ಬರಲಾಗದವರು ಬರೆದು ಕಳಿಸಬಹುದು. ಅಲ್ಲಿ ಕೊಟ್ಟ ಹೇಳಿಕೆಯನ್ನು ಹೇಳಿದವರ ವಿರುದ್ಧ ಕೋರ್ಟಿನಲ್ಲಿ ಬಳಸುವಂತಿಲ್ಲ, ಸುಳ್ಳು ಹೇಳಿದ್ದರೆ ಮಾತ್ರ ಬೇರೆ ಮಾತು. ಹಾಗಾಗಿ ರೈಲ್ವೆ ನೌಕರರೂ ಬಾಯಿ ಬಿಡಬಹುದು. ಆದರೆ ಆ ಪ್ರಕಟಣೆ ಬರುವ ಹೊತ್ತಿಗೆ ಪ್ರಯಾಣಿಕರು ಆಸ್ಪತ್ರೆಯಲ್ಲೋ ಸ್ಮಶಾನದಲ್ಲೋ ಇರುತ್ತಾರೆ, ಉಳಿದವರು ಊರು ಸೇರಿರುತ್ತಾರೆ. ಆ ಕೋಣೆಗೆ ಹೋಗಿ 'ನಾನು ಎಸ್‌–7ರಲ್ಲಿದ್ದೆ ಸಾರ್, ಸೇತುವೆ ಶುರುವಾಗುವ ಮುಂಚೆ ಬೋಗಿ ಎರಡು ಸಲ ಜೋರಾಗಿ ಕುಲುಕಿತು, ಗಾಳಿ ಇರಲಿಲ್ಲ' ಅಂತ ಹೇಳಲು ವಕೀಲರು ಬೇಕಿಲ್ಲ, ವಂಶವೃಕ್ಷ ಬೇಕಿಲ್ಲ, ಟಿಕೆಟ್ ಕೂಡ ಬೇಕಿಲ್ಲ.